ಪುಟ್ಟ ಮಗುವಿನ ಹೃದಯಕ್ಕೆ ಸಿಟಿನಾ, ಎಂಆರ್‌ಐನಾ?

ಸೋಮವಾರಪೇಟೆಯಿಂದ ಕೇಳಿದ್ದೀರಿ: ಹುಟ್ಟಿನಿಂದಲೇ ಹೃದಯದ ತೊಂದರೆ ಇರುವ ಎರಡು ವರ್ಷದ ಮಗಳಿಗೆ ಡಾಕ್ಟರು ಸಿಟಿ ಬರೆದಿದ್ದಾರೆ, ಎಂಆರ್‌ಐ ಆಗದಾ ಅಂತ.

ಎಕೋ, ಅಂದರೆ ಶಬ್ದದ ಅಲೆಗಳಿಂದ ಹೃದಯ ನೋಡುವ ಸ್ಕ್ಯಾನ್, ಹೇಗೂ ಆಗಿರುತ್ತದೆ. ಖರ್ಚು ಕಡಿಮೆ, ವಿಕಿರಣ ಇಲ್ಲ. ತೂತು, ಕವಾಟ ಚೆನ್ನಾಗಿ ಕಾಣುತ್ತವೆ. ಆದರೆ ಶ್ವಾಸಕೋಶದ ರಕ್ತನಾಳಗಳ ಕವಲು, ಮಹಾಧಮನಿಯ ತಿರುವು ಅದಕ್ಕೆ ಅಷ್ಟಾಗಿ ಸಿಗುವುದಿಲ್ಲ. ಸಿಟಿ ಬರುವುದು ಅಲ್ಲೇ.

ಸಿಟಿ ನಡೆಯುವುದು ಎಕ್ಸ್‌ರೇಯಿಂದ, ಭಯವೆಲ್ಲ ಆ ವಿಕಿರಣದ್ದೇ, ಅಲ್ವಾ? ಹೊಸ ಯಂತ್ರದಲ್ಲಿ ಮಗುವಿನ ತೂಕಕ್ಕೆ ತಕ್ಕಂತೆ ಇಳಿಸಿದರೆ ಡೋಸ್ 1 ಮಿಲಿಸೀವರ್ಟ್ (ವಿಕಿರಣ ಅಳೆಯುವ ಮಾನ) ಆಸುಪಾಸಿಗೆ ಬರುತ್ತದೆ. ನೆಲ, ಗಾಳಿ, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ಸುಮಾರು 2-3 ಮಿಲಿಸೀವರ್ಟ್ ಸುಮ್ನೆ ಸಿಗುತ್ತದೆ. ಹಳೆ ಯಂತ್ರವಾದರೆ ಜಾಸ್ತಿ. "ಮಕ್ಕಳ ಡೋಸ್ ಇಡ್ತೀರಾ?" ಅಂತ ಸಂಕೋಚವಿಲ್ಲದೆ ಕೇಳಿ. ರಕ್ತನಾಳ ಎದ್ದು ಕಾಣಲು ಕಾಂಟ್ರಾಸ್ಟ್ ಔಷಧಿ ಚುಚ್ಚುತ್ತಾರೆ, ಅಲರ್ಜಿ ಇದ್ದರೆ ಮೊದಲೇ ಹೇಳಿ.

ಎಂಆರ್‌ಐಗೆ ವಿಕಿರಣವೇ ಇಲ್ಲ. ಆದರೆ ಮುಕ್ಕಾಲು ಗಂಟೆ, ಒಂದು ಗಂಟೆ ಅಲ್ಲಾಡಬಾರದು. ಈ ವಯಸ್ಸಿಗೆ ಸಾಮಾನ್ಯವಾಗಿ ಅರಿವಳಿಕೆ ಬೇಕಾಗುತ್ತದೆ. ಸಿಟಿ ಸ್ಕ್ಯಾನ್ ಕೆಲವೇ ಸೆಕೆಂಡು.

ಆಪರೇಷನ್‌ಗೆ ಮುಂಚೆ ನಾಳಗಳ ನಕ್ಷೆ ಬೇಕಿದ್ದರೆ ನಾನಾದರೆ ಸಿಟಿಗೇ ಒಪ್ಪುತ್ತಿದ್ದೆ. ಮಗಳು ದೊಡ್ಡವಳಾಗಿ, ರಕ್ತದ ಹರಿವನ್ನು ಮತ್ತೆ ಮತ್ತೆ ಅಳೆಯಬೇಕಾದಾಗ ಎಂಆರ್‌ಐ ವಾಸಿ. ಸ್ಕ್ಯಾನ್‌ಗೆ ಮೈಸೂರಿಗೆ ಹೊರಡುವಾಗ ಹಳೆ ರಿಪೋರ್ಟ್ ಎಲ್ಲ ತಗೊಂಡು ಹೋಗಿ. ಈ ಮಳೆಯಲ್ಲಿ ಎರಡೆರಡು ಸಲ ಘಟ್ಟ ಇಳಿಯೋದು ಯಾಕೆ?