ಬ್ರೇನ್ಸ್ ಆನ್: ಮಕ್ಕಳಿಗೆ ಊಹಿಸೋಕೆ ಸಮಯ ಕೊಡುವ ವಿಜ್ಞಾನದ ಪಾಡ್‌ಕಾಸ್ಟ್

ಮನೆಯಲ್ಲಿ ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿದ್ದಾರಾ? ಅವರಿಗೆ ಇಂಗ್ಲಿಷ್ ಸುಮಾರಾಗಿ ಅರ್ಥವಾಗುತ್ತದಾ? ಹಾಗಿದ್ದರೆ ‘ಬ್ರೇನ್ಸ್ ಆನ್’ ಹಾಕಿ ಕೇಳಿಸಿ. ದುಡ್ಡು ಕೊಡಬೇಕಾಗಿಲ್ಲ, ಸ್ಕ್ರೀನ್ ನೋಡಬೇಕಾಗಿಲ್ಲ. ಮಕ್ಕಳ ವಿಜ್ಞಾನದ ಪಾಡ್‌ಕಾಸ್ಟ್‌ಗಳು ಈಗ ಬೇಕಾದಷ್ಟಿವೆ, ನಮ್ಮ ಮನೆಯಲ್ಲೂ ಒಂದಷ್ಟು ಕೇಳಿ ಬಿಟ್ಟಿದ್ದೇವೆ. ಆದರೆ ಮಕ್ಕಳು ತಾವಾಗಿಯೇ ಬಂದು ‘ಅಮ್ಮ, ಹಾಕು’ ಅಂತ ಕೇಳೋದು ಇದನ್ನೇ.

ಇದು ಅಮೆರಿಕದ್ದು. 2012ರಲ್ಲಿ ಮಿನೆಸೋಟ ಪಬ್ಲಿಕ್ ರೇಡಿಯೋದಲ್ಲಿ ಶುರುವಾಯಿತು. ಮಾಲಿ ಬ್ಲೂಮ್, ಮಾರ್ಕ್ ಸ್ಯಾಂಚೆಜ್, ಸ್ಯಾಂಡನ್ ಟಾಟನ್ ಅನ್ನುವ ಮೂವರು ಸೇರಿ ಕಟ್ಟಿದ ಕಾರ್ಯಕ್ರಮ. ಒಂದು ಎಪಿಸೋಡ್ ಹೆಚ್ಚುಕಡಿಮೆ ಅರ್ಧ ಗಂಟೆ ಇರುತ್ತದೆ. ಪ್ರತಿ ಸಲವೂ ಮಾಲಿ ಜೊತೆ ಒಂದು ಮಗು ಮೈಕ್ ಹಿಡಿದು ಕೂತಿರುತ್ತದೆ. ಸುಮ್ನೆ ‘ವಾವ್’ ಅನ್ನೋಕೆ ಕರೆಸಿದ ಮಗು ಅಲ್ಲ. ಕಾರ್ಯಕ್ರಮ ನಡೆಸಿಕೊಡುತ್ತದೆ, ವಿಜ್ಞಾನಿಗಳನ್ನು ಪ್ರಶ್ನೆ ಕೇಳುತ್ತದೆ, ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನುತ್ತದೆ. ತನ್ನದೇ ವಯಸ್ಸಿನ ಒಂದು ದನಿ ದೊಡ್ಡ ವಿಜ್ಞಾನಿಯ ಹತ್ತಿರ ಹೀಗೆ ಸಲೀಸಾಗಿ ಮಾತಾಡೋದು ಕೇಳಿದಾಗ, ಕ್ಲಾಸಿನಲ್ಲಿ ಕೈ ಎತ್ತೋಕೆ ಹಿಂಜರಿಯುವ ನನ್ನ ಮಗಳ ಮುಖದಲ್ಲಿ ಆಗುವ ಬದಲಾವಣೆಯನ್ನು ನಾನು ನೋಡಿದ್ದೇನೆ. ನನಗೆ ಇಷ್ಟೇ ಸಾಕಿತ್ತು.

ಆದರೆ ಇದರ ನಿಜವಾದ ಜೀವ ಇರೋದು ‘ಮಿಸ್ಟರಿ ಸೌಂಡ್’ ಅನ್ನುವ ಭಾಗದಲ್ಲಿ. ಎಪಿಸೋಡಿನ ನಡುವೆ ಒಂದು ಸದ್ದು ಕೇಳಿಸುತ್ತಾರೆ, ಕೆಲವೇ ಸೆಕೆಂಡ್. ಏನಿದು ಅಂತ ಆ ಮಗು ಊಹಿಸಬೇಕು. ಉತ್ತರ ತಕ್ಷಣ ಹೇಳುವುದಿಲ್ಲ. ಬೇರೆ ವಿಷಯಕ್ಕೆ ಹೋಗಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಸದ್ದು ಹಾಕುತ್ತಾರೆ, ಮಗು ಇನ್ನೊಮ್ಮೆ ಊಹಿಸುತ್ತದೆ, ಆಮೇಲೆ ಉತ್ತರ. ಈ ನಡುವಿನ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ದೊಡ್ಡ ಗಲಾಟೆಯೇ ನಡೆಯುತ್ತದೆ. ಮಗ ‘ತಗಡಿನ ಮೇಲೆ ಮಳೆ’ ಅನ್ನುತ್ತಾನೆ. ಮಗಳು ‘ಮಳೆ ಆದ್ರೆ ನಿಂತು ನಿಂತು ಬರಲ್ಲ, ಇದು ನಿಂತು ನಿಂತು ಬರ್ತಿದೆ ಕೇಳು’ ಅಂತ ವಾದ ಹಾಕುತ್ತಾಳೆ. ಗಮನಿಸಿ, ಇಲ್ಲಿ ಅವಳು ಕಾರಣ ಕೊಡುತ್ತಿದ್ದಾಳೆ. ಯಾರೂ ಹೇಳಿಕೊಟ್ಟಿದ್ದಲ್ಲ. ಉತ್ತರ ಇನ್ನೂ ಬಂದಿಲ್ಲ ಅನ್ನುವ ಒಂದೇ ಕಾರಣಕ್ಕೆ ಅವಳ ತಲೆ ಓಡುತ್ತಿದೆ. ಯೂಟ್ಯೂಬ್ ವಿಡಿಯೋದಲ್ಲಿ ಇದು ಆಗೋದು ಕಷ್ಟ, ಅಲ್ವಾ? ಅಲ್ಲಿ ಪ್ರಶ್ನೆ ಕೇಳಿದ ಮರುಕ್ಷಣ ಚಿತ್ರ ಬಂದು ಎಲ್ಲವನ್ನೂ ತೋರಿಸಿಬಿಡುತ್ತದೆ.

ಈಗ ಇಬ್ಬರೂ ಸೇರಿ ಮನೆಯಲ್ಲೇ ಇದೇ ಆಟ ಕಟ್ಟಿಕೊಂಡಿದ್ದಾರೆ. ನನ್ನ ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿ ಅಜ್ಜಿಗೆ ಕೇಳಿಸೋದು, ಅಜ್ಜಿ ಊಹಿಸೋದು. ತುರಿಮಣೆಯಲ್ಲಿ ಕಾಯಿ ತುರಿಯೋದು, ಗ್ರೈಂಡರಿನಲ್ಲಿ ಇಡ್ಲಿ ಹಿಟ್ಟು ತಿರುಗೋದು, ಹಪ್ಪಳ ಮುರಿಯೋದು. ಅಜ್ಜಿಗೆ ಅಡುಗೆಮನೆಯ ಸದ್ದೆಲ್ಲ ಚಿಟಿಕೆ ಹೊಡೆಯೋದರಲ್ಲಿ ಗೊತ್ತಾಗುತ್ತದೆ, ಹಾಗಾಗಿ ಅವರನ್ನು ಸೋಲಿಸೋಕೆ ಹೊಸ ಹೊಸ ಸದ್ದು ಹುಡುಕುತ್ತಲೇ ಇರುತ್ತಾರೆ. ಒಮ್ಮೆ ಒಗ್ಗರಣೆಯ ಸಾಸಿವೆ ಸಿಡಿಯೋದನ್ನು ಹತ್ತಿರದಿಂದ ರೆಕಾರ್ಡ್ ಮಾಡಿದರು. ಯಾಕೆ ಸಿಡಿಯುತ್ತೆ ಅಂದರು. ಕಾಳಿನೊಳಗೆ ಸ್ವಲ್ಪ ನೀರಿನಂಶ ಇರುತ್ತದೆ, ಬಿಸಿ ಎಣ್ಣೆಗೆ ಅದು ಆವಿಯಾಗಿ ಹಿಗ್ಗುತ್ತದೆ, ಹೊರಗೆ ಬರೋಕೆ ದಾರಿ ಇಲ್ಲದೆ ಸಿಪ್ಪೆ ಒಡೆಯುತ್ತದೆ ಅಂದೆ. ‘ಹಾಗಾದ್ರೆ ಜೀರಿಗೆ ಯಾಕೆ ಹಂಗೆ ಸಿಡಿಯಲ್ಲ?’ ಅಂದ ಮಗ. ನಾನು ಉತ್ತರ ಹೇಳಲಿಲ್ಲ. ಒಂದು ಪ್ಲೇಟಿನಲ್ಲಿ ಎರಡನ್ನೂ ಹಾಕಿ, ಭೂತಗನ್ನಡಿ ಕೊಟ್ಟು, ಎರಡಕ್ಕೂ ಏನು ವ್ಯತ್ಯಾಸ ಅಂತ ನೋಡಿ ಹೇಳು ಅಂದೆ. ಪಾಡ್‌ಕಾಸ್ಟಿನಿಂದ ನಾನು ಕಲಿತ ಪಾಠ ಇದು.

ಯಾವ ಎಪಿಸೋಡ್ ಚೆನ್ನಾಗಿದೆ ಅಂತ ಕೇಳಿದರೆ ನಮ್ಮ ಮಕ್ಕಳು ಒಂದೇ ದನಿಯಲ್ಲಿ ‘ಫಾರ್ಟ್ ಸ್ಮಾರ್ಟ್ಸ್’ ಅನ್ನುತ್ತಾರೆ. ಹೌದು, ಹೂಸಿನ ಬಗ್ಗೆ ಪೂರ್ತಿ ಒಂದು ಎಪಿಸೋಡ್. ನಗು ತಡೆಯೋಕಾಗಲ್ಲ. ಆದರೆ ನಗುತ್ತಲೇ ಹೊಟ್ಟೆಯ ಒಳಗಿನ ದೊಡ್ಡ ಲೋಕ ಗೊತ್ತಾಗುತ್ತಾ ಹೋಗುತ್ತದೆ. ನಮ್ಮಲ್ಲಿ ಇದಕ್ಕೆ ಸರಿಯಾದ ಕಾಲ ಅಂದರೆ ಅವರೆಕಾಯಿ ಸೀಸನ್. ಡಿಸೆಂಬರ್, ಜನವರಿಯಲ್ಲಿ ಹಿತಕಿದ ಬೇಳೆ ಸಾರು ಉಂಡ ಮೇಲೆ ಮನೆಯಲ್ಲಿ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಕಾಳುಗಳಲ್ಲಿ ರ‍್ಯಾಫಿನೋಸ್ ತರಹದ ಕೆಲವು ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿ ಇಲ್ಲ. ಹಾಗಾಗಿ ಅವು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತವೆ, ಅಲ್ಲಿರುವ ಬ್ಯಾಕ್ಟೀರಿಯಾ ಹಬ್ಬದೂಟ ಮಾಡಿ ಗಾಳಿ ಬಿಡುತ್ತವೆ. ಆ ಗಾಳಿಯ ಬಹುಪಾಲಿಗೆ ವಾಸನೆಯೇ ಇಲ್ಲ. ಹೈಡ್ರೋಜನ್, ಕಾರ್ಬನ್ ಡೈ ಆಕ್ಸೈಡ್, ಇಂಥವೇ. ಮೂಗು ಮುಚ್ಚಿಕೊಳ್ಳುವ ಹಾಗೆ ಮಾಡೋದು ಚೂರೇ ಚೂರು ಇರುವ ಗಂಧಕದ ಅನಿಲಗಳು. ಕಾಳು ನೆನೆಸಿದ ನೀರನ್ನು ಅಜ್ಜಿ ಯಾಕೆ ಚೆಲ್ಲುತ್ತಾರೆ ಅನ್ನೋದಕ್ಕೂ ಇಲ್ಲೇ ಉತ್ತರ ಸಿಕ್ಕಿತು, ಆ ಸಕ್ಕರೆಯ ಒಂದು ಪಾಲು ನೀರಿನ ಜೊತೆ ಹೋಗುತ್ತದೆ. ಮಗಳು ಓಡಿಹೋಗಿ ಅಜ್ಜಿಗೆ ಹೇಳಿದಳು. ‘ನಮ್ಮಮ್ಮ ಹೇಳ್ಕೊಟ್ಟಿದ್ದು ಕಣೇ’ ಅಂದರು ಅವರು, ಬಹಳ ಖುಷಿಯಿಂದ.

ಟಾರ್ಡಿಗ್ರೇಡ್, ಅಂದರೆ ನೀರು ಕರಡಿ, ಬಗ್ಗೆಯೂ ಇವರು ಮಾಡಿದ್ದಾರೆ. ಒಂದು ಮಿಲಿಮೀಟರಿಗಿಂತಲೂ ಚಿಕ್ಕ ಜೀವಿ, ಎಂಟು ಕಾಲು, ಹಾವಸೆಯಲ್ಲಿ ವಾಸ. ನೀರು ಆರಿದರೆ ಮುದುಡಿ ಒಣಗಿಕೊಂಡು ವರ್ಷಗಟ್ಟಲೆ ಕಾಯುತ್ತದೆ, ನೀರು ಬಿದ್ದರೆ ಮತ್ತೆ ನಡೆದಾಡುತ್ತದೆ. 2007ರಲ್ಲಿ ಯುರೋಪಿನ ವಿಜ್ಞಾನಿಗಳು ಇವನ್ನು ಬಾಹ್ಯಾಕಾಶಕ್ಕೇ ಒಯ್ದು ತೆರೆದಿಟ್ಟರು, ಕೆಲವು ಬದುಕಿ ಬಂದವು. ಇಷ್ಟು ಗೊತ್ತಾದ ಮೇಲೆ ಮಕ್ಕಳು ಸುಮ್ಮನಿರುತ್ತಾರಾ? ಮಳೆಗಾಲದಲ್ಲಿ ನಮ್ಮ ಕಾಂಪೌಂಡ್ ಗೋಡೆ ತುಂಬ ಹಾವಸೆ. ಅದನ್ನು ಕೆರೆದು ತಟ್ಟೆಯ ನೀರಲ್ಲಿ ನೆನೆಸಿ, ಮರುದಿನ ಹಿಂಡಿ, ಆ ನೀರಿನ ಹನಿಯನ್ನು ಫೋಲ್ಡ್‌ಸ್ಕೋಪಿನಲ್ಲಿ ನೋಡಿದರು. ಫೋಲ್ಡ್‌ಸ್ಕೋಪ್ ಅಂದರೆ ಸ್ಟ್ಯಾನ್‌ಫರ್ಡಿನ ಮನು ಪ್ರಕಾಶ್ ಮತ್ತು ಅವರ ತಂಡ ರೂಪಿಸಿದ ಕಾಗದದ ಮೈಕ್ರೋಸ್ಕೋಪ್, ಮಡಚಿ ಜೋಡಿಸಿಕೊಳ್ಳೋದು, 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಕರಡಿ ಸಿಗಲಿಲ್ಲ. ಹುಳದ ಹಾಗೆ ನುಲಿಯುವ ಏನೇನೋ ಸಿಕ್ಕವು, ಅದಕ್ಕೇ ಇಬ್ಬರೂ ಕೂಗಾಡಿದರು. ಹುಡುಕಾಟ ಇನ್ನೂ ನಿಂತಿಲ್ಲ.

ಇನ್ನು ತೊಂದರೆಗಳು. ಮೊದಲನೆಯದು ಮಾತಿನ ವೇಗ. ಅಮೆರಿಕದ ಉಚ್ಚಾರ, ಜೊತೆಗೆ ಹಾಡು, ತಮಾಷೆ, ಅಣುಗಳೂ ಬ್ಯಾಕ್ಟೀರಿಯಾಗಳೂ ಮಾತಾಡುವ ಚಿಕ್ಕ ನಾಟಕಗಳು. ಎಲ್ಲ ಒಟ್ಟಿಗೆ ಬಂದಾಗ ನಮ್ಮ ಮಕ್ಕಳಿಗೆ ಎಷ್ಟೋ ಸಲ ಕೊಂಡಿ ತಪ್ಪಿಹೋಗುತ್ತದೆ. ಮಗನಿಗಂತೂ ನಾನು ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳಲೇಬೇಕು. ಆ್ಯಪಿನಲ್ಲಿ ವೇಗ 0.8ಕ್ಕೆ ಇಳಿಸಿದರೆ ಎಷ್ಟೋ ವಾಸಿ. ಎರಡನೆಯದು ಅಳತೆಗಳು. ಫ್ಯಾರನ್‌ಹೀಟ್, ಪೌಂಡ್, ಮೈಲಿ. ‘100 ಡಿಗ್ರಿ ಬಿಸಿಲು’ ಅಂತ ಕೇಳಿದ ಮಗ ‘ಹಾಗಾದ್ರೆ ನೀರು ಕುದ್ದು ಹೋಗಲ್ವಾ?’ ಅಂದ. ಅದು ನಮ್ಮ 38 ಡಿಗ್ರಿ, ನಮ್ಮ ರಾಯಚೂರಿನ ಬೇಸಿಗೆಗಿಂತ ಕಡಿಮೆಯೇ ಅಂತ ವಿವರಿಸಬೇಕಾಯಿತು. ಜಾಹೀರಾತುಗಳೂ ಇವೆ. ಬೇಡ ಅಂದರೆ ದುಡ್ಡು ಕೊಟ್ಟು ‘ಸ್ಮಾರ್ಟಿ ಪಾಸ್’ ತಗೋಬಹುದು, ನಾವು ತಗೊಂಡಿಲ್ಲ, ಮುಂದೆ ಓಡಿಸುತ್ತೇವೆ ಅಷ್ಟೇ.

ನನಗೆ ಹೆಚ್ಚು ಚುಚ್ಚೋದು ಬೇರೆ. ಇಂಗ್ಲಿಷ್ ಬಾರದ ಮಗುವಿಗೆ ಇದರ ಬಾಗಿಲು ಮುಚ್ಚಿದೆ. ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಓದುವ ನನ್ನ ಅಣ್ಣನ ಮಗನಿಗೆ ನನ್ನ ಮಕ್ಕಳಿಗಿಂತ ಜಾಸ್ತಿ ಪ್ರಶ್ನೆಗಳಿವೆ. ಗದ್ದೆಯ ಏಡಿ ಬೇಸಿಗೆಯಲ್ಲಿ ಎಲ್ಲಿ ಹೋಗುತ್ತದೆ, ಮಿಣುಕುಹುಳದ ಬೆಳಕು ಯಾಕೆ ಸುಡೋದಿಲ್ಲ, ಇಂಥವು. ಓದೋಕೆ ನಮಗೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ದಂಥ ಪತ್ರಿಕೆ ಇದೆ. ಕಿವಿಗೂ ಇದೇ ಮಟ್ಟದ್ದೊಂದು ಬೇಕು. ಮಕ್ಕಳೇ ನಡೆಸಿಕೊಡುವ, ಕನ್ನಡದಲ್ಲೇ ಮಾತಾಡುವ ವಿಜ್ಞಾನಿಗಳನ್ನು ಕೂರಿಸಿಕೊಂಡು ಕೇಳುವ ಕಾರ್ಯಕ್ರಮ. ಬೆಂಗಳೂರಿನಲ್ಲಿ ವಿಜ್ಞಾನಿಗಳಿಗೆ ಬರವಾ? ಭಾರತೀಯ ವಿಜ್ಞಾನ ಸಂಸ್ಥೆ ಇದೆ, ಇಸ್ರೋ ಇದೆ, ತಾರಾಲಯ ಇದೆ. ಒಂದು ಒಳ್ಳೆಯ ಮೈಕ್ ಮತ್ತು ತಾಳ್ಮೆ ಇರುವ ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಶುರುಮಾಡಿ, ಮೊದಲ ಪ್ರಶ್ನೆಗಳನ್ನು ನಾನೇ ಕಳಿಸುತ್ತೇನೆ.

ಬೇರೆ ಪಾಡ್‌ಕಾಸ್ಟ್‌ಗಳ ಬಗ್ಗೆ ಒಂದೆರಡು ಮಾತು. ಚಿಕ್ಕ ಮಕ್ಕಳಿಗೆ, ಅಥವಾ ಗದ್ದಲ ಇಷ್ಟವಿಲ್ಲದವರಿಗೆ ವರ್ಮಾಂಟ್ ರೇಡಿಯೋದ ‘ಬಟ್ ವೈ’ ಒಳ್ಳೆಯದು. ಜೇನ್ ಲಿಂಡ್‌ಹೋಮ್ ನಡೆಸಿಕೊಡುತ್ತಾರೆ, ನಿಧಾನದ ದನಿ, ಬೇರೆ ಬೇರೆ ದೇಶದ ಮಕ್ಕಳು ತಮ್ಮ ಹೆಸರು, ವಯಸ್ಸು, ಊರು ಹೇಳಿ ಪ್ರಶ್ನೆ ಕೇಳುತ್ತಾರೆ. ಮನುಷ್ಯರು ಯಾಕೆ ಸಾಯುತ್ತಾರೆ ಅನ್ನುವ ಪ್ರಶ್ನೆಯನ್ನೂ ಅವರು ಬದಿಗೆ ತಳ್ಳಿಲ್ಲ. ‘ವಾವ್ ಇನ್ ದ ವರ್ಲ್ಡ್’ ಜನಪ್ರಿಯ, ಆದರೆ ಕಿರುಚಾಟ ಜಾಸ್ತಿ ಅನ್ನಿಸಿತು, ರಾತ್ರಿ ಮಲಗುವ ಹೊತ್ತಿಗಂತೂ ಬೇಡ.

ಬ್ರೇನ್ಸ್ ಆನ್ ಶುರು ಮಾಡುವವರು ಹೂಸಿನದ್ದರಿಂದಲೇ ಶುರು ಮಾಡಿ, ಮಕ್ಕಳು ಕೈಬಿಡೋದಿಲ್ಲ. ಮೊದಲ ಕೆಲವು ಸಲ ಜೊತೆಯಲ್ಲೇ ಕೂತು ಕೇಳಿ. ಮಿಸ್ಟರಿ ಸೌಂಡ್ ಬಂದಾಗ ನೀವೂ ಊಹಿಸಿ. ಅರ್ಧ ಗಂಟೆ ಜಾಸ್ತಿ ಅನ್ನಿಸಿದರೆ ಇವರದ್ದೇ ‘ಮೊಮೆಂಟ್ ಆಫ್ ಅಮ್’ ಇದೆ, ಒಂದು ಪ್ರಶ್ನೆ, ಕೆಲವೇ ನಿಮಿಷದ ಉತ್ತರ, ಶಾಲೆಗೆ ಬಿಡುವ ದಾರಿಗೆ ಸರಿಹೋಗುತ್ತದೆ. ಸ್ಪಾಟಿಫೈ, ಆಪಲ್ ಪಾಡ್‌ಕಾಸ್ಟ್ ಎರಡರಲ್ಲೂ ಸಿಗುತ್ತದೆ. ರಜೆಗೆ ಊರಿಗೆ ಹೊರಡುವ ಮುಂಚೆ ಮೂರ‍್ನಾಲ್ಕು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಘಾಟಿಯಲ್ಲಿ ನೆಟ್‌ವರ್ಕ್ ಸಿಗೋದಿಲ್ಲ.