ರೇವನ್, ಮಾಲಿನ್, ಬಿನೆ–ಕಾಮತ್: ಮಗುವಿಗೆ ಯಾವ ಬುದ್ಧಿಪರೀಕ್ಷೆ?

ಮೂರರಲ್ಲೂ ಸಿಗುವುದು ಅಂಕವೇ, ಆದರೆ ಅಳೆಯುವ ‘ಬುದ್ಧಿ’ ಒಂದೇ ಅಲ್ಲ.

ರೇವನ್ (1938) ನಿಂತಿರುವುದು ಮನೋವಿಜ್ಞಾನಿ ಸ್ಪಿಯರ್‌ಮನ್ ವಾದದ ಮೇಲೆ: ಎಲ್ಲ ಕೌಶಲಗಳ ಹಿಂದೆ ಒಂದು ಸಾಮಾನ್ಯ ಸಾಮರ್ಥ್ಯವಿದೆ. 60 ಚಿತ್ರವಿನ್ಯಾಸಗಳು, ಬಿಟ್ಟುಹೋದ ತುಂಡನ್ನು ಆರಿಸಬೇಕು. ಮಾತು ತಡವಾದ, ಮನೆಮಾತು ಬೇರೆಯಾದ ಮಗುವಿಗೆ ಇದೇ ಸರಿ. ಲೆಕ್ಕದಲ್ಲಿ ಯಾಕೆ ಹಿಂದೆ ಎಂದರೆ ಮಾತ್ರ ಇದರಲ್ಲಿ ಉತ್ತರವಿಲ್ಲ.

ಅದಕ್ಕೆ ಮಾಲಿನ್ ಬೇಕು. ಅಮೆರಿಕದ ವೆಕ್ಸ್ಲರ್ ಬುದ್ಧಿಪರೀಕ್ಷೆಯ ಈ ಭಾರತೀಯ ರೂಪ 6ರಿಂದ 15 ವರ್ಷದವರಿಗೆ; ಮಾತಿನ ಅಂಕ, ಕೈಯಲ್ಲಿ ಮಾಡಿ ತೋರಿಸುವ ಅಂಕ ಬೇರೆಬೇರೆ. ಎರಡರ ನಡುವೆ 20ರಷ್ಟು ಅಂತರವಿದ್ದರೆ ಒಟ್ಟು ಅಂಕವನ್ನು ನೆಚ್ಚಬೇಡಿ, ಉಪಪರೀಕ್ಷೆಗಳನ್ನು ನೋಡಿ.

ಬಿನೆ–ಕಾಮತ್ ಕನ್ನಡ, ಮರಾಠಿ ಮಕ್ಕಳಿಗೆಂದೇ ಹೊಂದಿಸಿದ್ದು, 3 ವರ್ಷದಿಂದಲೇ ಮಾಡಬಹುದು. ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಿ 100ರಿಂದ ಗುಣಿಸುತ್ತಾರೆ: 8 ವರ್ಷದ ಮಗು 6ರ ಮಟ್ಟದಲ್ಲಿದ್ದರೆ 75. ತೊಡಕಿರುವುದು ಹಿಂದಿನ ಮಕ್ಕಳನ್ನು ನೋಡಿ ಗೊತ್ತುಮಾಡಿದ ಹಳೆಯ ಮಾನದಂಡದಲ್ಲಿ. ತಲೆಮಾರು ಕಳೆದಂತೆ ಅಂಕಗಳು ಏರುತ್ತವೆ, ಹಾಗಾಗಿ ಇಂದಿನ ಮಗುವಿಗೆ ಇರುವುದಕ್ಕಿಂತ ಹೆಚ್ಚೇ ಬರುತ್ತದೆ. ಬೌದ್ಧಿಕ ನ್ಯೂನತೆಯ ಗೆರೆ ಸುಮಾರು 70; ಅದರ ಆಸುಪಾಸಿನವರು ನೆರವಿನಿಂದ ಹೊರಗುಳಿಯಬಹುದು. ಅಂಥಲ್ಲಿ ಉಡುವುದು, ಉಣ್ಣುವುದು, ಹಣ ಎಣಿಸುವುದನ್ನು ನೋಡುವ ವೈನ್‌ಲ್ಯಾಂಡ್ ಮಾಪನವನ್ನೂ ಕೇಳಿ ಮಾಡಿಸಿ.

ಬುದ್ಧಿ ಒಂದಲ್ಲ, ಹಲವು ಬಗೆ ಎಂದ ಮನೋವಿಜ್ಞಾನಿ ಗಾರ್ಡ್ನರ್ ಹೆಸರು ಹೇಳಿ ಬೆರಳ ಗುರುತಿನಲ್ಲೇ ‘ಬಹುಬುದ್ಧಿ’ ಓದುತ್ತೇವೆನ್ನುವವರೂ ಇದ್ದಾರೆ. ದುಡ್ಡು ದಂಡ.