ಟಿಸಿ ಎಂದರೆ ಶಾಲೆ ಬಿಟ್ಟ ಪತ್ರವಲ್ಲ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ, ಅಂದರೆ ಲೋಹದ ಎರಕದ ಕಾರ್ಖಾನೆಯಲ್ಲಿ, ನನ್ನ ಭಾವ ಗುಣಮಟ್ಟ ವಿಭಾಗ ನೋಡಿಕೊಳ್ಳುತ್ತಾರೆ. ಕಳೆದ ಮಳೆಗಾಲದಲ್ಲಿ ಬೈಲಹೊಂಗಲದ ಕಡೆಯ ಹುಡುಗನೊಬ್ಬ ಐಟಿಐ ಮುಗಿಸಿ ಅಲ್ಲಿ ತರಬೇತಿಗೆ ಸೇರಿದ. ಎರಡನೆಯ ದಿನವೇ ಮೇಲ್ವಿಚಾರಕರು, ‘ಈ ಲಾಟಿನ ಟಿಸಿ ಎಲ್ಲಿ? ತೆಗೆದುಕೊಂಡು ಬಾ’ ಎಂದರಂತೆ. ಹುಡುಗ ಬೆವರಿ, ‘ಸರ್, ನನ್ನ ಟಿಸಿಯನ್ನು ಸೇರುವಾಗಲೇ ಆಫೀಸಿಗೆ ಕೊಟ್ಟಿದ್ದೇನೆ’ ಎಂದ. ಅವರು ಕೇಳಿದ್ದು ಲೋಹದ ಟೆಸ್ಟ್ ಸರ್ಟಿಫಿಕೇಟ್. ಊಟಕ್ಕೆ ಕುಳಿತಾಗ ಇದನ್ನು ಹೇಳಿ ನಕ್ಕ ಭಾವ, ‘ತಮ್ಮಾ, ಆ್ಯಪ್ ಮಾಡುವವನು ನೀನು, ಇದಕ್ಕೊಂದು ಮಾಡಿ ಕೊಡು’ ಎಂದರು. ರೊಟ್ಟಿ ಮುಗಿಯುವ ಮೊದಲೇ ಒಪ್ಪಿಕೊಂಡುಬಿಟ್ಟೆ.

ಕಾಗದದ ಮೇಲಿನ ಸಂಕ್ಷೇಪಾಕ್ಷರವನ್ನು ಓದಬೇಕು, ಆಮೇಲೆ ಅದರ ಅರ್ಥ ಹೇಳಬೇಕು. ಓದುವುದಕ್ಕೆ ಎರಡು, ಅರ್ಥಕ್ಕೆ ಮೂರು ದಾರಿಗಳನ್ನು ಹಿಡಿದು, ಅದೇ ಫೌಂಡ್ರಿಯ ನಲವತ್ತು ಚೀಟಿ, ವರದಿ, ಫಲಕಗಳ ಮೇಲೆ ಓಡಿಸಿ ನೋಡಿದೆ.

ಓದುವುದರಲ್ಲಿ ಮೊದಲು ಗೂಗಲ್‌ನ ಎಂಎಲ್ ಕಿಟ್, ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸುವ ತಂತ್ರಾಂಶ. ಫೋನಿನೊಳಗೇ, ಇಂಟರ್ನೆಟ್ ಇಲ್ಲದೆ ಕೆಲಸ ಮಾಡುತ್ತದೆ; ಆ್ಯಪ್‌ನ ಜೊತೆಗೇ ಕಟ್ಟಿ ಕೊಟ್ಟರೆ ಲಿಪಿಯೊಂದಕ್ಕೆ ಸುಮಾರು 4 ಎಂಬಿ ಭಾರ. ಮುದ್ರಿತ ಇಂಗ್ಲಿಷನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಓದಿ ಕೊಟ್ಟಿತು. ಆದರೆ ಅದು ಬಲ್ಲ ಲಿಪಿಗಳು ಲ್ಯಾಟಿನ್, ದೇವನಾಗರಿ, ಚೀನಿ, ಜಪಾನಿ, ಕೊರಿಯನ್. ಕನ್ನಡ ಆ ಪಟ್ಟಿಯಲ್ಲಿಲ್ಲ. ಹೀಗಾಗಿ ಸುರಕ್ಷತಾ ಫಲಕದ ಮರಾಠಿ ಸಾಲನ್ನು ಓದಿ, ಅದರ ಪಕ್ಕದ ಕನ್ನಡ ಸಾಲನ್ನು ದಾಟಿಕೊಂಡು ಹೋಯಿತು. ನನ್ನ ಆ್ಯಪ್ ಗಡಿ ವಿವಾದದಲ್ಲಿ ಪಕ್ಷ ವಹಿಸುವುದು ನನಗೆ ಬೇಕಿರಲಿಲ್ಲ.

ಇನ್ನೊಂದು ಟೆಸರಾಕ್ಟ್. 1985ರಲ್ಲಿ ಹ್ಯೂಲೆಟ್ ಪ್ಯಾಕರ್ಡ್‌ನ ಪ್ರಯೋಗಾಲಯದಲ್ಲಿ ಹುಟ್ಟಿ, 2005ರಲ್ಲಿ ಮುಕ್ತ ತಂತ್ರಾಂಶವಾದ ಹಳೆಯ ಕುಳ ಅದು. ಕನ್ನಡ ಓದುತ್ತದೆ, ಆದರೆ ಶುಚಿಗೆ ಬಲು ಕಟ್ಟುನಿಟ್ಟು. ಚಿತ್ರ ಓರೆಯಾಗಿದ್ದರೆ, ನೆರಳು ಬಿದ್ದಿದ್ದರೆ, ಮಸಿಯ ಹೆಬ್ಬೆರಳ ಗುರುತಿದ್ದರೆ ತಡವರಿಸುತ್ತದೆ. ಫೌಂಡ್ರಿಯಲ್ಲಿ ಮಸಿಯಿಲ್ಲದ ಹೆಬ್ಬೆರಳು ಎಲ್ಲಿಂದ ತರುವುದು? ಒಂದು ವರದಿಯಲ್ಲಿದ್ದ ‘ಎಸ್‌ಜಿ ಐರನ್’ ಅದರ ಕಣ್ಣಿಗೆ ‘5ಜಿ ಐರನ್’ ಆಯಿತು. ಗ್ರಾಫೈಟ್ ಗುಂಡುಗುಂಡಾಗಿ ಕೂತ ಎರಕದ ಕಬ್ಬಿಣಕ್ಕೆ ಮೊಬೈಲ್ ನೆಟ್‌ವರ್ಕ್ ಸಿಕ್ಕಿಬಿಟ್ಟಿತು. ಚಿತ್ರವನ್ನು ನೆಟ್ಟಗೆ ಮಾಡಿ, ಬರೀ ಕಪ್ಪುಬಿಳುಪಿಗೆ ಇಳಿಸಿ ಕೊಟ್ಟ ಮೇಲೆ ಸುಧಾರಿಸಿತು. ಹಳೆಯ ಫೋನುಗಳಲ್ಲಿ ಮಾತ್ರ ಕಾಯಬೇಕು. ಕೊನೆಗೆ ಇಂಗ್ಲಿಷ್ ಕಾಗದಕ್ಕೆ ಎಂಎಲ್ ಕಿಟ್, ಕನ್ನಡ ಫಲಕಕ್ಕೆ ಟೆಸರಾಕ್ಟ್ ಎಂದು ಎರಡನ್ನೂ ಇಟ್ಟುಕೊಂಡೆ.

ಕಾರ್ಬನ್ ಪ್ರತಿಯ ಕೈಬರಹದ ಮುಂದೆ ಎರಡೂ ಕೈಚೆಲ್ಲಿದವು. ಎರಡೂ ಮುದ್ರಿತ ಅಕ್ಷರಕ್ಕೆಂದು ಇರುವಂಥವು, ದೂರಿ ಫಲವಿಲ್ಲ. ನಾನು ಚೀಟಿಯನ್ನು ಬೆಳಕಿಗೆ ಹಿಡಿದು ಐದನೆಯ ಸಲ ಚಿತ್ರ ತೆಗೆಯುವುದನ್ನು ನೋಡಿದ ಸ್ಟೋರ್ಸ್‌ನ ಹಿರಿಯರು, ಎಲ್ಲರೂ ಕಾಕಾ ಎಂದು ಕರೆಯುವವರು, ‘ಮೂರು ಅಕ್ಷರ ಒತ್ತುವುದಕ್ಕೆ ಕ್ಯಾಮೆರಾ ಯಾಕೋ ತಮ್ಮಾ?’ ಎಂದರು. ಅಂದು ರಾತ್ರಿಯೇ ಟೈಪ್ ಮಾಡುವ ಪೆಟ್ಟಿಗೆಯನ್ನು ಪರದೆಯ ಮೇಲ್ತುದಿಗೆ ತಂದು, ಕ್ಯಾಮೆರಾವನ್ನು ಮೂಲೆಗೆ ಸರಿಸಿದೆ. ವಾರಗಟ್ಟಲೆ ದುಡಿದದ್ದು ಆ ಮೂಲೆಯ ಗುಂಡಿಗೆ.

ಟೈಪ್ ಮಾಡುವುದರಲ್ಲೂ ಒಂದು ಹೊಂಡವಿತ್ತು. ಇಂಗ್ಲಿಷಿನಲ್ಲಿ ದೊಡ್ಡಕ್ಷರಗಳ ಗುಂಪು ಕಂಡರೆ ಸಂಕ್ಷೇಪವೆಂದು ಊಹಿಸಬಹುದು (ಇಡೀ ಫಾರಂ ದೊಡ್ಡಕ್ಷರದಲ್ಲೇ ಇದ್ದರೆ ‘ಡೇಟ್’, ‘ಐಟಂ’ ಕೂಡ ಸಂಕ್ಷೇಪಗಳಾಗಿ ಎದ್ದು ನಿಲ್ಲುತ್ತವೆ, ಅದು ಬೇರೆ ತಲೆನೋವು). ಕನ್ನಡಕ್ಕೆ ದೊಡ್ಡಕ್ಷರ, ಸಣ್ಣಕ್ಷರಗಳೇ ಇಲ್ಲ. ದೋಷದ ವರದಿಯನ್ನು ಒಬ್ಬರು ‘ಎನ್‌ಸಿಆರ್’ ಎಂದು ಬಿಡಿಸಿ ಬರೆದರೆ ಇನ್ನೊಬ್ಬರು ‘ಎನ್ಸಿಆರ್’ ಎಂದು ಒತ್ತು ಹಾಕುತ್ತಾರೆ. ಓದುವವರಿಗೆ ಎರಡೂ ಒಂದೇ ಪದ. ಯಂತ್ರಕ್ಕೆ ಬೇರೆ ಬೇರೆ, ಏಕೆಂದರೆ ಮೊದಲನೆಯದರ ನಡುವೆ ಒತ್ತಾಗದಂತೆ ತಡೆಯುವ, ಕಾಣಿಸದ ಯೂನಿಕೋಡ್ ಚಿಹ್ನೆಯೊಂದು ಕುಳಿತಿರುತ್ತದೆ. ಹೋಲಿಸುವ ಮೊದಲು ಆ ಚಿಹ್ನೆಯನ್ನೂ ಚುಕ್ಕಿಗಳನ್ನೂ ಕಿತ್ತುಹಾಕಿ, ಖರೀದಿ ಆದೇಶದ ‘ಪಿಒ’ದ ಒ ಮತ್ತು ‘ಪಿಓ’ದ ಓ ಎರಡನ್ನೂ ಒಂದೇ ಎಂದು ಎಣಿಸಿದ ಮೇಲೆ ಹುಡುಕಾಟ ದಾರಿಗೆ ಬಂತು.

ಇನ್ನು ಅರ್ಥ. ಬರಹದಿಂದಲೇ ಅರ್ಥ ಹೆಕ್ಕುವ ಉಪಾಯವೊಂದನ್ನು ಶ್ವಾರ್ಟ್ಜ್ ಮತ್ತು ಹರ್ಸ್ಟ್ ಎಂಬಿಬ್ಬರು ಜೀವವೈದ್ಯಕೀಯ ಲೇಖನಗಳಿಗಾಗಿ 2003ರಲ್ಲಿ ಪ್ರಕಟಿಸಿದ್ದರು: ಆವರಣ ಚಿಹ್ನೆಯೊಳಗಿನ ಸಂಕ್ಷೇಪವನ್ನು ಹಿಡಿದು, ಪಕ್ಕದ ಪದಗಳಲ್ಲಿ ಬಲದಿಂದ ಎಡಕ್ಕೆ ಒಂದೊಂದೇ ಅಕ್ಷರ ಹೊಂದಿಸುತ್ತ ಹೋಗುವುದು. ಪುಟ್ಟ ಪ್ರೋಗ್ರಾಂ, ಜಾಣ ಉಪಾಯ. ಗ್ರಾಹಕ ಕಂಪನಿಗಳ ದಪ್ಪ ಕೈಪಿಡಿಗಳಲ್ಲಿ ಚೆನ್ನಾಗಿ ಫಲ ಕೊಟ್ಟಿತು. ಫೌಂಡ್ರಿಯ ಚೀಟಿಗಳಿಂದ ಒಂದೂ ಸಿಗಲಿಲ್ಲ. ಚೀಟಿಯಲ್ಲಿ ಯಾರು ಆವರಣ ಹಾಕಿ ವಿವರಿಸುತ್ತಾರೆ?

ಅಂತರ್ಜಾಲದ ಮೂಲಕ ಉತ್ತರಿಸುವ, ಚಾಟ್‌ಜಿಪಿಟಿಯಂಥ ದೊಡ್ಡ ಭಾಷಾ ಮಾದರಿಯೊಂದನ್ನು ಕೇಳಿದೆ. ಕನ್ನಡ ಸೊಗಸಾಗಿತ್ತು, ಧೈರ್ಯ ಅದಕ್ಕಿಂತ ಸೊಗಸು. ‘ಸಿಇ’ ಎಂದರೆ ಯುರೋಪಿನ ಮಾರುಕಟ್ಟೆಗೆ ಬೇಕಾದ ಗುರುತು ಎಂದು ಎರಡು ಪ್ಯಾರಾ ಬರೆಯಿತು. ಇಲ್ಲಿ ಸಿಇ ಎಂದರೆ ಕಾರ್ಬನ್ ಈಕ್ವಿವಲೆಂಟ್: ಇಂಗಾಲದ ಶೇಕಡಾ ಪ್ರಮಾಣಕ್ಕೆ ಸಿಲಿಕಾನ್ ಮತ್ತು ರಂಜಕದ ಮೊತ್ತದ ಮೂರನೆಯ ಒಂದು ಭಾಗವನ್ನು ಕೂಡಿಸಬೇಕು. 3.4 ಇಂಗಾಲ, 2.1 ಸಿಲಿಕಾನ್, 0.06 ರಂಜಕವಿದ್ದರೆ ಸಿಇ 4.12. ಬೂದು ಎರಕದ ಕಬ್ಬಿಣದಲ್ಲಿ ಈ ಸಂಖ್ಯೆ ಏರಿದರೆ ಬಲ ಕುಗ್ಗುತ್ತದೆ. ಕರಗಿದ ಲೋಹವನ್ನು ಅಚ್ಚಿಗೆ ಹೊಯ್ಯುವ ಮೊದಲು ಇದನ್ನೇ ನೋಡುತ್ತಾರೆ. ‘ಎರಕದ ಕಾರ್ಖಾನೆ’ ಎಂದು ಮೊದಲೇ ಹೇಳಿ ಕೇಳಿದಾಗ ಮಾದರಿ ಸರಿಯಾದ ಉತ್ತರ ಕೊಟ್ಟಿತೆನ್ನಿ. ಆದರೂ ಕೈಬಿಡಲು ಎರಡು ಕಾರಣಗಳಿದ್ದವು. ತಗಡಿನ ಛಾವಣಿಯ ಕೆಳಗೆ ನೆಟ್‌ವರ್ಕ್ ನಿಲ್ಲುವುದಿಲ್ಲ. ಗ್ರಾಹಕರ ನಕ್ಷೆಯಿರುವ ಕಾಗದದ ಚಿತ್ರವನ್ನು ಹೊರಗೆ ಕಳುಹಿಸಲು ಭಾವ ಸುತರಾಂ ಒಪ್ಪಲಿಲ್ಲ.

ಉಳಿದದ್ದು ಸಾದಾ ಪದಪಟ್ಟಿ, ಫೋನಿನಲ್ಲೇ ಕೂರುವ ಎಸ್‌ಕ್ಯೂಲೈಟ್ ಎಂಬ ಪುಟ್ಟ ದತ್ತಸಂಚಯದ ಕಡತ. ಅಂತರ್ಜಾಲದಿಂದ ಸಾವಿರಾರು ಸಂಕ್ಷೇಪಗಳನ್ನು ತುಂಬಿದ ನನ್ನ ಮೊದಲ ಪಟ್ಟಿ ಟಿಸಿಗೆ ವರ್ಗಾವಣೆ ಪತ್ರ, ರೈಲಿನ ಟಿಕೆಟ್ ಕಲೆಕ್ಟರ್ ಎಲ್ಲವನ್ನೂ ಹೇಳಿತು, ಬೇಕಾದದ್ದನ್ನು ಬಿಟ್ಟು. ಅದನ್ನು ಅಳಿಸಿ, ಕಾಕಾರ ಪಕ್ಕದಲ್ಲಿ ಮೂರು ಮಧ್ಯಾಹ್ನ ಕುಳಿತು ಅವರು ಹೇಳಿದ್ದನ್ನು ಬರೆದುಕೊಂಡೆ. ಜಿಆರ್‌ಎನ್ ಎಂದರೆ ‘ಸರಕು ಬಂದಿದೆ ಎಂದು ನಾನು ಸಹಿ ಹಾಕುವ ಚೀಟಿ, ಇದಿಲ್ಲದೆ ಬಿಲ್ಲು ಪಾಸಾಗುವುದಿಲ್ಲ’ ಎಂದರು. ಹಾಗೇ ಹಾಕಿದೆ. ‘ಎಚ್‌ಟಿ’ಗೆ ಮಾತ್ರ ಪಟ್ಟಿಯೂ ಸೋತಿತು: ಅದೇ ಫೌಂಡ್ರಿಯಲ್ಲಿ ಅದು ಕುಲುಮೆಗೆ ಬರುವ ಹೈ ಟೆನ್ಶನ್ ವಿದ್ಯುತ್ತೂ ಹೌದು, ಎರಕದ ಹೀಟ್ ಟ್ರೀಟ್‌ಮೆಂಟೂ ಹೌದು. ಈಗ ಎರಡನ್ನೂ ತೋರಿಸಿ, ಯಾವ ವಿಭಾಗದ ಕಾಗದ ಎಂದು ಕೇಳುತ್ತದೆ. ಮೂರರಲ್ಲಿ ಈ ಪಟ್ಟಿಯನ್ನೇ ಇಟ್ಟುಕೊಂಡಿದ್ದೇನೆ. ಹೊಸ ಕೈಪಿಡಿ ಬಂದಾಗ ಆವರಣದ ಉಪಾಯವನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಓಡಿಸಿ, ಸಿಕ್ಕಿದ್ದನ್ನು ಕಾಕಾರಿಗೆ ತೋರಿಸಿ ಸೇರಿಸುತ್ತೇನೆ.

ಒಂದು ಸಂಕ್ಷೇಪ ಬಹಳ ದಿನ ಸತಾಯಿಸಿತು. ಹಲವು ಚೀಟಿಗಳ ಕೆಳಗೆ ‘ಎಂಎಚ್‌ಕೆ’ ಎಂದಿರುತ್ತಿತ್ತು. ಭಾಷಾ ಮಾದರಿ ಅದಕ್ಕೆ ಸರಕು ಸಾಗಣೆಯ ಜಪಾನಿ ಪದ್ಧತಿಯೊಂದನ್ನು ಹೊಸೆದು ಕೊಟ್ಟಿತ್ತು. ಕಾಕಾ ನಕ್ಕರು. ಅದು ಎಂದೋ ನಿವೃತ್ತರಾದ ಮೇಲ್ವಿಚಾರಕರೊಬ್ಬರ ಹೆಸರಿನ ಮೊದಲಕ್ಷರಗಳು. ಅವರು ಕಣ್ಣಲ್ಲೇ ನೋಡಿ ಪಾಸು ಮಾಡಿದ ಮಾಲಿಗೆ ಹಾಕುತ್ತಿದ್ದ ಗುರುತು. ಅವರು ಹೋದರೂ ಗುರುತು ಹೋಗಲಿಲ್ಲ. ಪಟ್ಟಿಯಲ್ಲಿ ಈಗ ‘ಎಂಎಚ್‌ಕೆ: ಅಳತೆ ಮಾಡಿಲ್ಲ, ಕಣ್ಣಿಗೆ ಸರಿ ಕಂಡಿದೆ’ ಎಂದಿದೆ. ಮೊನ್ನೆ ಬೈಲಹೊಂಗಲದ ಹುಡುಗ ತುಂಬಿದ ಚೀಟಿಯೊಂದನ್ನು ಭಾವ ಮನೆಗೆ ತಂದು ತೋರಿಸಿದರು. ಕೆಳಗೆ ಅವನದೇ ಅಕ್ಷರದಲ್ಲಿ ಎಂಎಚ್‌ಕೆ ಎಂದಿತ್ತು.